ಹಾಲಿನ ಲೋಟದಲ್ಲಿ ಹೋದ ಹಲ್ಲು

ಇವತ್ತು ಹಾಲಿನ ಲೋಟದ ತಳದಲ್ಲಿ ಕರಗದೆ ಉಳಿದ ಕಲ್ಲುಸಕ್ಕರೆ ಕಂಡು ಕುವೈತಿನ ಖೈತಾನಿನಲ್ಲಿದ್ದ ನಮ್ಮ ಫ್ಲ್ಯಾಟ್ ನೆನಪಾಯಿತು.

ನಾಲ್ಕನೇ ಕ್ಲಾಸಿನಲ್ಲಿದ್ದೆ. ವರಾಂಡದಲ್ಲಿ ಓಡುವಾಗ ಬಿದ್ದು ಮುಂದಿನ ಹಲ್ಲೊಂದು ಬೇರುಸಮೇತ ಕಿತ್ತುಬಂತು. ಅಮ್ಮ ನನ್ನ ಬಾಯಿಗೆ ಬಟ್ಟೆ ಒತ್ತಿ ಹಿಡಿದರು. ಅಪ್ಪ ಹಲ್ಲು ಹಿಡಿದುಕೊಂಡು ಟೆರೇಸಿಗೆ ಹೊರಟರು. ಊರಿನಲ್ಲಿ ಬಿದ್ದ ಹಲ್ಲನ್ನು ಹಂಚಿನ ಮೇಲೆ ಎಸೆಯುತ್ತಿದ್ದರಲ್ಲ, ಇಲ್ಲಿ ಹಂಚು ಎಲ್ಲಿಂದ ಬರಬೇಕು!

ಹಲ್ಲಿನ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದ ಪಕ್ಕದ ಮನೆಯ ಲಿಲ್ಲಿ ಆಂಟಿ ಮೆಟ್ಟಿಲಲ್ಲಿ ಅಡ್ಡ ನಿಂತರು.

"ಬಿಸಾಡ್ಬೇಡಿ ಮಾರಾಯ್ರೆ! ಇದು ಹಾಲುಹಲ್ಲಲ್ಲ, ಇನ್ನು ಬರುದಿಲ್ಲ. ಬೇರು ಮುಟ್ಬೇಡಿ, ಹಾಲಿಗೆ ಹಾಕಿ. ಯಲ್ಲಾ, ಈಗ್ಲೇ ಹೋಗುವ!" ಅಂತ ಅರಬಿ ಬೆರೆಸಿ ಅವಸರಪಡಿಸಿದರು.

ಆಂಟಿಯ ಕಾರಿನಲ್ಲಿ ಅಪ್ಪ ಹಲ್ಲು ಹಾಕಿದ್ದ ಹಾಲಿನ ಸ್ಟೀಲ್ ಲೋಟವನ್ನು ತೀರ್ಥದ ಹಾಗೆ ಹಿಡಿದು ಕೂತಿದ್ದರು. ಕ್ಲಿನಿಕ್ಕಿನಲ್ಲಿ ಡಾಕ್ಟರು ಹಲ್ಲನ್ನು ಹಾಲಿನಿಂದ ಎತ್ತಿ, ಇದ್ದ ಜಾಗಕ್ಕೇ ಮೆಲ್ಲಗೆ ಒತ್ತಿ, ಸಣ್ಣ ತಂತಿಯಿಂದ ಅಕ್ಕಪಕ್ಕದ ಹಲ್ಲುಗಳಿಗೆ ಜೋಡಿಸಿದರು.

"ಹಿಡೀತದಾ?" ಅಪ್ಪ ಪಿಸುಗುಟ್ಟಿದರು.

"ನೋಡುವ," ಅಂದರು ಆಂಟಿ.

ತಂತಿ ತೆಗೆದ ದಿನ ಅಪ್ಪ ಬೆರಳಿನಿಂದ ಮುಟ್ಟಿ ನೋಡಿದರು. ಹಲ್ಲು ಅಲುಗಾಡಲಿಲ್ಲ.

ಈಗ ಅಪ್ಪನ ಬಾಯಲ್ಲಿ ಒಂದೂ ಹಲ್ಲಿಲ್ಲ. ನಾನು ಚಕ್ಕುಲಿ ಕಡಿಯುವಾಗ ಮಾತ್ರ ಪೇಪರ್ ಕೆಳಗಿಟ್ಟು, ಆ ಹಲ್ಲನ್ನೇ ನೋಡುತ್ತಾ ಕೂರುತ್ತಾರೆ.