ತಂತಿ ಅಳಿಸಿದ ಚಿತ್ರಗಳು

ನಾನು ಆಡಿದ್ದು ಮೂರೇ ಪದ. "ಇನ್ನೊಂಚೂರು ಮ್ಯಾಲ, ಕಾಕಾ." ಆಡುವಾಗ ನನ್ನ ಕಣ್ಣು ಲ್ಯಾಪ್‌ಟಾಪಿನ ಮೇಲಿತ್ತು, ತಲೆ ಎತ್ತಿರಲಿಲ್ಲ. ಈಗ ಬಸ್ಸಿನಲ್ಲಿ ಯಾರಾದರೂ ಚೀಲ ಕೊಟ್ಟು "ಮ್ಯಾಲ ಇಡ್ರಿ" ಅಂದರೂ ಮೊದಲು ತಲೆ ಎತ್ತಿ ನೋಡುತ್ತೇನೆ.

ಮಸ್ಕಿಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಕಾಕಾ ಅಂದರೆ ನಮ್ಮ ಲ್ಯಾಬಿನ ಅಟೆಂಡರ್. ಸಂತೆಕಲ್ಲೂರಿನಿಂದ ದಿನಾ ಆಟೋದಲ್ಲಿ ನೇತಾಡಿಕೊಂಡು ಬರುತ್ತಿದ್ದರು. ಏಜೆನ್ಸಿಯ ಮೂಲಕ ಸೇರಿದವರು, ತಲೆ ನರೆತರೂ ಕಾಯಂ ಆಗದವರು. ಎಲ್ಲೋ ಒಂದು ಸಂಶೋಧನಾಲಯದವರು ಹಳೆಯದಾಯಿತೆಂದು ಕೊಟ್ಟ ಕ್ಯಾಮೆರಾವನ್ನು ನಾವಿಬ್ಬರೇ ಕಾಲೇಜಿನ ಮಾಳಿಗೆಯ ಮೇಲೆ ನೆಟ್ಟಗೆ ಆಕಾಶ ನೋಡುವಂತೆ ಕೂರಿಸಿದ್ದೆವು. ಬೆಳಕು ಏರಿಳಿಯುವ ನಕ್ಷತ್ರಗಳನ್ನು ವಿದ್ಯಾರ್ಥಿಗಳು ಅದರಲ್ಲಿ ಅಳೆಯುತ್ತಿದ್ದರು.

ಕ್ಯಾಮೆರಾ ಸುಳ್ಳು ಹೇಳುತ್ತದೆ. ಅದರ ಒಳಗಿನ ಬೆಳಕು ಹಿಡಿಯುವ ಬಿಲ್ಲೆಯಲ್ಲಿ ಕೆಲವು ಚುಕ್ಕೆಗಳು ಕತ್ತಲಲ್ಲೂ ಹೊಳೆಯುತ್ತವೆ, ಕೆಲವು ಮಂದ. ಗಾಜಿನ ಮೇಲಿನ ಧೂಳು ಬಳೆಯಂಥ ನೆರಳು ಬಿಡುತ್ತದೆ. ಆ ಸುಳ್ಳುಗಳನ್ನು ಗುರುತಿಸಲು ಮುಚ್ಚಳ ಹಾಕಿ ಒಂದು ಚಿತ್ರ ತೆಗೆಯಬೇಕು, ಹೊತ್ತು ಮುಳುಗುವಾಗ ಸಮನಾದ ಬೆಳಕಿನ ಬರಿದಾದ ಆಕಾಶದ ಇನ್ನೊಂದು ಚಿತ್ರ ತೆಗೆಯಬೇಕು. ನಕ್ಷತ್ರದ ಚಿತ್ರದಿಂದ ಮೊದಲನೆಯದನ್ನು ಕಳೆದು ಎರಡನೆಯದರಿಂದ ಭಾಗಿಸುವ ಸಾಫ್ಟ್‌ವೇರನ್ನು ಎರಡು ಬೇಸಿಗೆ ರಜೆ ಕೂತು ನಾನೇ ಬರೆದಿದ್ದೆ.

"ಮುಚ್ಚಳಾ ಹಾಕಿ ಫೋಟೋ ಹೊಡದ್ರ ಏನ್ ಬೀಳ್ತೈತಿ ಮೇಡಂ, ಅದರಾಗ?" ಎಂದು ಕಾಕಾ ಕೇಳಿದ್ದರು.

"ಕ್ಯಾಮೆರಾದ ತಪ್ಪು ಬೀಳ್ತಾವ."

"ಹಂಗಾದ್ರ ನಮ್ಮ ಪ್ರಿನ್ಸಿಪಾಲ್ರ ಮಾರಿಗೂ ಒಂದು ಮುಚ್ಚಳಾ ಹಾಕ್ರಿ."

ಸಂಜೆಯ ಚಿತ್ರಗಳಲ್ಲಿ ಒಂದು ತೊಡಕಿತ್ತು. ಹೊಗೆಯೆಳೆಯಂಥ ಒಂದು ಪಟ್ಟಿ ಅಡ್ಡಲಾಗಿ ಬರುತ್ತಿತ್ತು. ಮಾಳಿಗೆಯ ಮೇಲೆ ಹಾದುಹೋದ ವಿದ್ಯುತ್ ಲೈನಿನ ತಂತಿ ಅದು. ತಿಂಗಳು ತಿಂಗಳಿಗೆ ಪಟ್ಟಿ ಅಗಲವಾಗುತ್ತಿತ್ತು. ತಂತಿ ಹತ್ತಿರವಾದಷ್ಟು ಪಟ್ಟಿ ಅಗಲ. ಇದು ನಾನು ತರಗತಿಯಲ್ಲಿ ಕಲಿಸುವ ಪಾಠ.

"ತಂತಿ ಜೋತು ಬಿದ್ದೈತಿ ಮೇಡಂ, ಹ್ವಾದ ವರ್ಷ ಇಷ್ಟು ಕೆಳಗ ಇದ್ದಿಲ್ಲ. ಲೈನ್‌ಮನ್‌ಗ ಒಂದು ಅರ್ಜಿ ಬರೀರಿ," ಎಂದರು ಕಾಕಾ.

"ಅವರ ಹಿಂದ ಯಾರು ತಿರಗ್ಯಾಡಬೇಕ್ರಿ ಕಾಕಾ? ನಾ ಸಾಫ್ಟ್‌ವೇರ್‌ನಾಗ ತಗೀತೀನಿ ಬಿಡ್ರಿ."

ತೆಗೆದೆ. ಪಟ್ಟಿಯನ್ನು ಹುಡುಕಿ ಅಕ್ಕಪಕ್ಕದ ಬೆಳಕಿನಿಂದ ತುಂಬುವ ನಲವತ್ತು ಸಾಲು ಬರೆದೆ. ಡಿಸ್ಕಿನಲ್ಲಿ ಜಾಗ ಸಾಲದೆಂದು, ಶುದ್ಧವಾದ ಚಿತ್ರ ಬಂದ ಮೇಲೆ ಮೂಲ ಚಿತ್ರ ತಾನೇ ಅಳಿಯುವ ಹಾಗೆಯೂ ಮಾಡಿದೆ. ಅಂದಿನಿಂದ ನನ್ನ ಪರದೆಯ ಮೇಲೆ ತಂತಿ ಇರಲಿಲ್ಲ. ದಿನಾ ಅದರ ಕೆಳಗೇ ಕೂರುತ್ತಿದ್ದ ನನ್ನ ತಲೆಯಲ್ಲೂ ಇರಲಿಲ್ಲ.

ಆ ಸಂಜೆ ನನಗೆ ಇನ್ನೂ ಸಮನಾದ ಬೆಳಕು ಬೇಕೆನಿಸಿತು. ಆಕಾಶ ಪಡುವಣಕ್ಕೆ ಹೆಚ್ಚು ಬೆಳಕಾಗಿರುತ್ತದೆ. ಅದಕ್ಕೆ ಬಿಳಿ ಧೋತರವೊಂದನ್ನು ಪರದೆ ಕಟ್ಟುವ ಅಲ್ಯೂಮಿನಿಯಂ ಪೈಪುಗಳ ಚೌಕಟ್ಟಿಗೆ ಬಿಗಿದು, ಉದ್ದನೆಯ ಪೈಪಿನ ತುದಿಗೆ ಕಟ್ಟಿ, ಕ್ಯಾಮೆರಾದ ಮೇಲೆ ಹಿಡಿಯಲು ಕಾಕಾಗೆ ಹೇಳಿದೆ. ನೀರಿನ ಟ್ಯಾಂಕಿನ ನೆರಳು ಬಟ್ಟೆಯ ಒಂದು ಮೂಲೆಗೆ ಬೀಳುತ್ತಿತ್ತು. ಲ್ಯಾಪ್‌ಟಾಪಿನ ಪರದೆಯಲ್ಲಿ ಆ ಮೂಲೆಯ ಅಂಕಿಗಳು ಕಡಿಮೆ ಇದ್ದವು. ಬಟ್ಟೆ ಮೇಲೆ ಹೋದರೆ ನೆರಳು ತಪ್ಪುತ್ತದೆ.

ಇನ್ನೊಂಚೂರು ಮ್ಯಾಲ, ಕಾಕಾ.

ಅಂಕಿಗಳೆಲ್ಲ ಒಮ್ಮೆಗೇ ತುದಿ ಮುಟ್ಟಿದವು, ಪರದೆ ಪೂರ್ತಿ ಬೆಳ್ಳಗಾಯಿತು. ಬೆಳಕು ಜಾಸ್ತಿಯಾಯಿತು ಅಂದುಕೊಂಡೆ. ದೇವರಾಣೆಗೂ ನನಗೆ ಮೊದಲು ಹೊಳೆದದ್ದು ಅದೇ. ಸದ್ದು ಕೇಳಿಸಿದ್ದು ಆಮೇಲೆ. ಸುಟ್ಟ ವಾಸನೆ ಬಂದದ್ದು ಅದರ ಆಮೇಲೆ. ಕಾಕಾ ಟ್ಯಾಂಕಿನ ಬುಡದಲ್ಲಿ ಮಡಚಿಕೊಂಡು ಬಿದ್ದಿದ್ದರು, ಧೋತರ ತಂತಿಯಿಂದ ಜೋತು ಉರಿಯುತ್ತಿತ್ತು. ನಾನು ಓಡಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಕೆಳಗಿನಿಂದ ಹುಡುಗರು ಹತ್ತಿ ಬಂದರು.

ಸಿಂಧನೂರಿನ ಆಸ್ಪತ್ರೆಯಲ್ಲಿ ಜೀವ ಉಳಿಸಿದರು. ಬಲಗೈಯ ಹೆಬ್ಬೆರಳು ಮತ್ತು ಎರಡು ಬೆರಳು ತೆಗೆದರು.

ವಿಚಾರಣೆ ಲಿಂಗಸುಗೂರಿನ ಒಂದು ಕಚೇರಿಯಲ್ಲಿ ನಡೆಯಿತು. ತೀರ್ಮಾನವಾಗಬೇಕಾದದ್ದು ಒಂದೇ: ತಂತಿ ಜೋತು ಬಿದ್ದಿತ್ತೋ, ಇಲ್ಲಾ ಕಾಕಾ ಯಾರೂ ಹೇಳದೆ ಪೈಪ್ ಎತ್ತಿದರೋ. ಎರಡನೆಯದಾದರೆ ಅವರ ಕೆಲಸ ಹೋಗುತ್ತದೆ. ನಾನು ಲ್ಯಾಪ್‌ಟಾಪ್ ಒಯ್ದಿದ್ದೆ. ಮೂಲ ಚಿತ್ರಗಳು ಅಳಿದಿದ್ದವು. ಪಟ್ಟಿ ತೀರಾ ಅಗಲವಾಗಿ ತುಂಬಲಾಗದೆ ಸಾಫ್ಟ್‌ವೇರ್ ತಳ್ಳಿಹಾಕಿದ ಐದಾರು ಮಾತ್ರ ಬೇರೆ ಫೋಲ್ಡರಿನಲ್ಲಿ ಉಳಿದಿದ್ದವು. ಅವು ತಂತಿಯ ಮೇಲೆ ತಪ್ಪು ಹೊರಿಸುತ್ತವೆ, ನನ್ನ ಮೂರು ಪದ ಯಾರಿಗೂ ಬೇಕಾಗುವುದಿಲ್ಲ ಎಂಬ ಲೆಕ್ಕ ನನ್ನದು.

ವಿದ್ಯುತ್ ಲೈನಿನ ಅಧಿಕಾರಿ ಪರದೆಗೆ ಬಗ್ಗಿ ನೋಡಿದರು. "ಏನೈತ್ರಿ ಇದರಾಗ? ಬರೇ ಬೂದಿ ಬಳದಂಗೈತಿ."

ಕಾಂಟ್ರಾಸ್ಟ್ ಏರಿಸಿದೆ. ಪಟ್ಟಿ ಮೂಡಿತು.

"ಈಗ ಎಲ್ಲಿಂದ ಬಂತು?"

ವಿವರಿಸಿದೆ. ವಿವರಿಸುತ್ತಾ, ಉಳಿದ ಚಿತ್ರಗಳಲ್ಲಿ ಯಾಕಿಲ್ಲ ಎಂಬುದನ್ನೂ ಹೇಳಬೇಕಾಯಿತು.

"ಅಂದ್ರ ನಿಮ್ಮ ಸಾಫ್ಟ್‌ವೇರ್ ತಂತಿ ಅಳಸ್ತೈತಿ," ಎಂದರು ಅಧಿಕಾರಿ. "ಅಳಸಾಕ ಬರೋದಕ್ಕ ಬರಿಯಾಕೂ ಬರ್ತಿರಬೇಕಲ್ಲ ಮೇಡಂ?"

ಎಲ್ಲರೂ ನಕ್ಕರು. ನಮ್ಮ ಪ್ರಿನ್ಸಿಪಾಲರು ಎಲ್ಲರಿಗಿಂತ ತುಸು ಹೆಚ್ಚೇ ನಕ್ಕರು.

ಆಮೇಲೆ ಅಧಿಕಾರಿ ಕಾಕಾನ ಕಡೆ ತಿರುಗಿದರು. "ಪೈಪ್ ಎತ್ತು ಅಂತ ನಿನಗ ಯಾರು ಹೇಳಿದ್ರು?"

ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಕಾಕಾ ನನ್ನನ್ನು ನೋಡಿದರು. ಸಾಕಷ್ಟು ಹೊತ್ತು ನೋಡಿದರು.

"ಯಾರೂ ಹೇಳಿಲ್ರಿ. ನಾನಾ ಎತ್ತೀನಿ."

ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ತಂತಿ ತಕ್ಕ ಎತ್ತರದಲ್ಲೇ ಇತ್ತು ಎಂದು ವರದಿ ಬಂತು. ವರದಿ ಬಂದ ವಾರದೊಳಗೆ ಲೈನ್‌ಮನ್‌ಗಳು ಬಂದು ಕಾಲೇಜಿನ ಹಿಂದೆ ಎತ್ತರದ ಹೊಸ ಕಂಬ ನೆಟ್ಟು ತಂತಿ ಬಿಗಿದು ಹೋದರು. ಕಾಕಾ ನಾಳೆಯಿಂದ ಬರುವುದು ಬೇಡವೆಂದು ಏಜೆನ್ಸಿಯವರು ಫೋನಿನಲ್ಲೇ ಹೇಳಿದರು. ಈಗಿನ ಸಂಜೆಯ ಚಿತ್ರಗಳಲ್ಲಿ ಪಟ್ಟಿಯೇ ಇಲ್ಲವೆಂದು ವಿದ್ಯಾರ್ಥಿಯೊಬ್ಬ ಖುಷಿಯಿಂದ ತೋರಿಸಿದ. ನಾನು ಎದ್ದು ಹೊರಗೆ ಹೋದೆ.

ಕಡೆಗೆ ಒಂದು ಪುಟ ಬರೆದೆ. ಪೈಪ್ ಎತ್ತಲು ಹೇಳಿದ್ದು ನಾನು, ತಂತಿಯ ವಿಷಯ ಅವರು ಮೊದಲೇ ಎಚ್ಚರಿಸಿದ್ದರು, ಅರ್ಜಿ ಬೇಡವೆಂದದ್ದೂ ನಾನು. ಲಿಂಗಸುಗೂರಿಗೆ ಹೋಗಿ ಕೊಟ್ಟೆ. ಗುಮಾಸ್ತ ಓದಿ, "ಇದನ್ನ ಅವತ್ತ ಕೊಡಬೇಕಿತ್ತಲ್ರಿ, ಫೈಲ್ ಮುಗದು ಹೋಗೇತಿ," ಎನ್ನುತ್ತಲೇ ನಕಲಿನ ಮೇಲೆ ಸೀಲು ಒತ್ತಿಕೊಟ್ಟ.

ಆ ನಕಲು ಹಿಡಿದು ಸಂತೆಕಲ್ಲೂರಿಗೆ ಹೋದೆ. ಕಾಕಾ ಎಡಗೈಯಲ್ಲಿ ಚಹಾ ಕುಡಿಯುವುದನ್ನು ಕಲಿತಿದ್ದರು.

"ಕಣ್ಣು ಮಸಕ ಕಾಣ್ತೈತಿ. ನೀವ ಓದ್ರಿ," ಎಂದರು.

ಓದಿದೆ. ಮೂರು ಪದ ಬಂದಲ್ಲಿ ಕಾಗದ ಕೆಳಗಿಳಿಸಿದೆ. ಅವರು ಕಾದರು. ಮತ್ತೆ ಓದಿದೆ.

"ಅವತ್ತ ಯಾರೂ ಹೇಳಿಲ್ಲ ಅಂದ್ನೆಲ್ಲ," ಎಂದರು ಕಾಕಾ, "ನಿಮ್ಮನ್ನ ಉಳಸಾಕ ಅಂದಿಲ್ರಿ ಮೇಡಂ. ಮುದುಕ ಹಂಗಂದ ಮ್ಯಾಲ ಮೇಡಂ ಸುಮ್ಕ ಕುಂದ್ರಂಗಿಲ್ಲ, ಎದ್ದು ನಿಂತು ಖರೇ ಹೇಳ್ತಾರ ಅಂತ ತಿಳಕೊಂಡಿದ್ದೆ. ಜರಾ ಹೊತ್ತು ಕಾದೆ."

ಕಾಗದ ಇಸಿದುಕೊಂಡು ಮೊಣಕಾಲ ಮೇಲಿಟ್ಟು ಎಡಗೈಯಿಂದಲೇ ನಾಲ್ಕು ಮಡಿಕೆ ಮಾಡಿದರು. ಮಡಿಕೆ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಮಡಚಿದರು. ಮಡಚಿಕೊಡಲು ನಾನು ಕೈ ಚಾಚಿದೆ, ಕೊಡಲಿಲ್ಲ.