ಮಂಡ್ಯದಲ್ಲಿ ಅತ್ತೆಯ ಮೊದಲ ಜುಮ್ಮಾ

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಅತ್ತೆಯೂ ನಾನೂ ಮಳವಳ್ಳಿಯಲ್ಲಿ ಮದ್ದೂರಿನ ಬಸ್ಸು ಹತ್ತಿದೆವು. ಮಂಡ್ಯದ ಒಂದು ಮಸೀದಿಯಲ್ಲಿ ಹೆಂಗಸರಿಗೂ ಶುಕ್ರವಾರದ ಜುಮ್ಮಾ ನಮಾಜಿಗೆ ಜಾಗ ಮಾಡಿದ್ದಾರೆಂದು ಕೇಳಿದ್ದೆವು. ನಮ್ಮೂರಲ್ಲೂ ಹಾಗೆ ಮಾಡಿ ಎಂದು ಮಸೀದಿ ಕಮಿಟಿಯಲ್ಲಿರುವ ಅತ್ತೆಯ ಹಿರಿಮಗ, ನನ್ನ ಭಾವನವರನ್ನು ರಂಜಾನಿನಿಂದ ಕೇಳುತ್ತಿದ್ದೇನೆ. "ಮೊದ್ಲು ನೋಡ್ಕಂಡು ಬನ್ನಿ" ಎಂದಿದ್ದರು. ಬೇಡ ಅನ್ನಲಿಲ್ಲವಲ್ಲ, ಅಷ್ಟು ಸಾಕು.

ಹೆಂಗಸರಿಗೆ ಬಸ್ಸು ಪುಕ್ಕಟೆ. ಕಿಟಕಿ ಸೀಟೂ ಸಿಕ್ಕಿತು, ಅಲ್ಲಾಹನ ದಯೆ. ಪಕ್ಕದಲ್ಲಿ ಸೊಪ್ಪಿನ ಮಂಕರಿ ಇಟ್ಟುಕೊಂಡು ಕೂತಿದ್ದ ಗೌಡರ ಹೆಂಗಸು ವಿಷಯ ಕೇಳಿ, "ಇಷ್ಟ್ ವರ್ಸ ನಿಮ್ ಮಸೀದಿ ಒಳಕ್ಕೆ ನೀವೇ ಓಗಿಲ್ವಾ?" ಎಂದಳು.

"ಮನೇಲೇ ಮಾಡ್ತೀವಿ ಕಣವ್ವ" ಎಂದರು ಅತ್ತೆ.

"ಸರಿ ಬುಡಿ, ದೇವ್ರು ಮನೆಗೂ ಬತ್ತಾನೆ. ಆದ್ರೂ ಅವ್ನ ಮನೆಗೆ ಓದಂಗಾಯ್ತದಾ?"

ಅತ್ತೆ ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡತೊಡಗಿದರು.

ಮದ್ದೂರಿನಲ್ಲಿ ಬಸ್ಸು ಬದಲಿಸಿ ಮಂಡ್ಯ ಸೇರುವಾಗ ಬಿಸಿಲು ಸುಡುತ್ತಿತ್ತು. ಮಸೀದಿಯ ಪಕ್ಕದ ಮೆಟ್ಟಿಲು ಹತ್ತಿದರೆ ಒಂದು ಕೋಣೆ, ಹಸಿರು ಪರದೆ, ಎರಡು ಫ್ಯಾನು, ಇಪ್ಪತ್ತು ಹೆಂಗಸರು. ಅಲ್ಲಿನ ಇಮಾಮ್ ಹಜ್ರತ್ ಸ್ವಲ್ಪ ಹೊತ್ತು ಕನ್ನಡದಲ್ಲೇ ಪ್ರವಚನ ಮಾಡಿ, ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲನ್ನು ತಡೆಹಿಡಿಯಬೇಡಿ ಎಂದರು. ಅದನ್ನು ಒಬ್ಬ ಹಜ್ರತರ ಬಾಯಲ್ಲೇ ನಾವು ಕೇಳಿದ್ದು ಇದೇ ಮೊದಲು.

ಮನೆಯಲ್ಲಿ ಶುಕ್ರವಾರವೂ ನಾವು ಮಧ್ಯಾಹ್ನ ನಾಲ್ಕು ರಕಾತ್, ಅಂದರೆ ನಾಲ್ಕು ಸುತ್ತು, ನಮಾಜು ಓದುವವರು. ಇಮಾಮರ ಹಿಂದೆ ಜುಮ್ಮಾ ಎರಡೇ. ಎಲ್ಲರೂ ಸಲಾಂ ಹೇಳಿ ಮುಗಿಸುತ್ತಿರುವಾಗ ಅತ್ತೆ ರೂಢಿಯಂತೆ ಮೂರನೆಯದಕ್ಕೆ ಎದ್ದು ನಿಂತರು. ಅವರನ್ನು ನೋಡಿ ನಾನೂ ಎದ್ದೆ.

ಪಕ್ಕದ ಹುಡುಗಿ ಅತ್ತೆಯ ಸೆರಗು ಜಗ್ಗಿ, "ಮುಗೀತು, ಕೂತ್ಕೊಳ್ಳಿ ಅಜ್ಜಿ" ಎಂದಳು.

"ಎಪ್ಪತ್ತು ವರ್ಷಕ್ಕೆ ಮೊದಲ್ನೇ ಜುಮ್ಮಾ. ಅದನ್ನೂ ಕೆಡಿಸ್ಕಂಡೆ" ಎನ್ನುತ್ತ ಅತ್ತೆ ಕೂತರು.

"ಮೊದಲ ವಾರ ಅರ್ಧ ಸಾಲು ಹಿಂಗೇ ಎದ್ದು ನಿಂತಿತ್ತು. ನಮ್ಮಮ್ಮ ನಾಲ್ಕೂ ಓದಿ ಮುಗಿಸಿದ್ರು."

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ನಾಲ್ಕೂವರೆಗೆ ಮಳವಳ್ಳಿಗೆ ಬಂದಾಗ ಭಾವನವರು ನಮ್ಮ ಮಸೀದಿಯ ಗೇಟಿನಲ್ಲೇ ಸಿಕ್ಕಿದರು. "ಹೆಂಗಿತ್ತಮ್ಮ?"

ಅತ್ತೆ ಅಂಗಳದ ಮೂಲೆಯ ಕೋಣೆ ತೋರಿಸಿದರು. ಅಲ್ಲಿ ಹರಿದ ಚಾಪೆಗಳನ್ನೂ ಹೆಣ ಹೊರುವ ಮಂಚವನ್ನೂ ಇಡುತ್ತಾರೆ. "ಅದನ್ನ ಗುಡಿಸ್ಕೊಟ್ರೆ ಸಾಕು ಕಣಪ್ಪ. ಆ ಮಂಚದ ಮೇಲೆ ಹೆಂಗೂ ಬತ್ತೀನಿ. ಅದಕ್ಕೂ ಮುಂಚೆ ಒಂದು ಶುಕ್ರವಾರ ನಡ್ಕಂಡು ಬರಬೇಕು."

ಭಾವನವರು ತಲೆ ತಗ್ಗಿಸಿ, "ಕಮಿಟೀಲಿ ಮಾತಾಡ್ತೀನಿ" ಎಂದರು. ಅಷ್ಟರಲ್ಲಿ ಸಂಜೆಯ ಅಸರ್ ನಮಾಜಿನ ಆಜಾನ್ ಆಯಿತು. ಅವರು ಒಳಗೆ ಹೋದರು, ನಾವು ಮನೆಯ ಕಡೆ ಹೊರಟೆವು. ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದೆ. ಆ ಕೋಣೆಯ ಬಾಗಿಲಿಗೆ ಬೀಗವಿರಲಿಲ್ಲ, ಬರೀ ಚಿಲಕ.