ಒಂದು ಕಣ್ಣಿಗೆ ಬಿಳಿ, ಒಂದು ಕಣ್ಣಿಗೆ ಚಹಾ ಬಣ್ಣ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಟೈಲರಮ್ಮ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವನ ಹೊಲಿಗೆ ಅಂಗಡಿಯನ್ನೂ ಅವನ ತಂಗಿಯನ್ನೂ ಒಟ್ಟಿಗೇ ನೋಡಿಕೊಂಡು ಬಂದವಳು. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ. ಅತ್ತಿಗೆ ಹೊಲಿದದ್ದಕ್ಕೆ ಇಸ್ತ್ರಿ ಹಾಕುವುದು, ಗಿರಾಕಿಗಳನ್ನು ಮಾತಿನಲ್ಲಿ ಕೂರಿಸುವುದು ನಾದಿನಿಯ ಪಾಲು. ಎದ್ದಾಗ ತೆರೆದ ಬಾಯಿ ಮಲಗುವಾಗಲೇ ಮುಚ್ಚುತ್ತಿದ್ದುದರಿಂದ ಅವಳಿಗೆ ರೇಡಿಯೋ ಎಂದು ಹೆಸರು ಬಿದ್ದಿತ್ತು. ಆ ಹೆಸರಿಗೆ ಅವಳದೇನೂ ತಕರಾರಿರಲಿಲ್ಲ.

ಟೈಲರಮ್ಮನ ಕಣ್ಣಿಗೆ ಪೊರೆ ಬಂದದ್ದು ಯಾವಾಗಲೋ, ಅವಳಿಗೆ ಗೊತ್ತಾದದ್ದು ಒಂದು ಕೋಟಿನಿಂದ. ಶಾಲೆಯ ಮೇಡಂ ಒಬ್ಬರ ಕಡುನೀಲಿ ಕೋಟಿನ ಅಂಚನ್ನು ಅವಳು ಕಂದು ದಾರದಲ್ಲಿ ಹೊಲಿದಿದ್ದಳು. ಮೇಡಂ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, "ಪರವಾಗಿಲ್ಲ ಬಿಡಿ, ಯಾರಿಗೂ ಕಾಣಲ್ಲ" ಎಂದು ನಕ್ಕು ಹೋದರು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಮಾರನೆಯ ದಿನ ಟೈಲರಮ್ಮ ಮಿಷನ್ನಿನ ಮೇಲೆ ಹಳೆಯ ಪರದೆ ಹೊದಿಸಿ ಸುಮ್ಮನೆ ಕುಳಿತುಬಿಟ್ಟಳು.

"ಮಿಷನ್ನಿಗೇನು ಚಳೀನಾ ಅತ್ತಿಗೆ? ನಡಿ ಆಸ್ಪತ್ರೆಗೆ" ಎಂದವಳು ರೇಡಿಯೋ. ಕೈ ಹಿಡಿದು ಎಳೆದುಕೊಂಡೇ ಹೋದಳು. ಬಲಗಣ್ಣಿನ ಆಪರೇಷನ್ ಮುಗಿಯುವವರೆಗೆ ಹೊರಗಿನ ಬೆಂಚಿನ ಮೇಲೆ ಕುಳಿತು ಅಕ್ಕಪಕ್ಕದವರಿಗೆಲ್ಲ ಧೈರ್ಯ ಹೇಳಿದಳು.

ಮತ್ತೆ ತೋರಿಸಲು ಹೋದ ದಿನ ಡಾಕ್ಟರು, "ಚೆನ್ನಾಗಿದೆ. ಆದ್ರೆ ಇನ್ನೂ ಕೆಲವು ವಾರ ಸೂಜಿ ಮುಟ್ಟಬೇಡಿ. ಎಡಗಣ್ಣು ಆಮೇಲೆ" ಎಂದರು. ಕೆಲಸವಿಲ್ಲದ ಇಷ್ಟುದ್ದ ದಿನಗಳನ್ನು ನೆನೆದೇ ಟೈಲರಮ್ಮನ ಮುಖ ಬಾಡಿತು. ಆಸ್ಪತ್ರೆಯ ಗೇಟು ದಾಟಿದರೆ ಎದುರಿಗೇ ಸಸ್ಯೋದ್ಯಾನ.

"ಮನೇಲಿ ಗೋಡೆ ನೋಡ್ಕೊಂಡು ಕೂರೋ ಬದಲು ಹೂವಾದ್ರೂ ನೋಡೋಣ ಬಾ. ಹೆಸರು ಹೇಳೋದು ನನಗೆ ಬಿಡು, ನನಗೆ ಗೊತ್ತಿಲ್ಲದ ಹೂವೇ ಇಲ್ಲ" ಎಂದಳು ರೇಡಿಯೋ.

ಒಳಗೆ ಒಂದೊಂದು ಗಿಡದ ಬುಡದಲ್ಲೂ ಹೆಸರು ಬರೆದ ಪುಟ್ಟ ಬೋರ್ಡು. ಮೊದಲು ಸಿಕ್ಕಿದ್ದು ಬಿಳಿ ಕಣಗಿಲೆ. ಟೈಲರಮ್ಮ ಮರದ ನೆರಳಿಗೆ ಸರಿದು ಕಪ್ಪು ಕನ್ನಡಕ ತೆಗೆದಳು. ಎಡಗಣ್ಣು ಮುಚ್ಚಿದಳು: ಹೂವು ಈಗಷ್ಟೇ ಒಗೆದು ಒಣಗಿಸಿದ ಹಾಸಿಗೆ ಬಟ್ಟೆಯ ಹಾಗೆ ಬೆಳ್ಳಗಿತ್ತು. ಬಲಗಣ್ಣು ಮುಚ್ಚಿದಳು: ಅದೇ ಹೂವಿನ ಮೇಲೆ ಯಾರೋ ಚಹಾ ಚೆಲ್ಲಿದಂತಿತ್ತು. ಮತ್ತೆ ಮುಚ್ಚಿದಳು, ಮತ್ತೆ ತೆರೆದಳು. ದಾರಿಹೋಕರಿಗೆ, ಈ ಹೆಂಗಸು ಗಿಡಕ್ಕೆ ಕಣ್ಣು ಹೊಡೆಯುತ್ತಿದ್ದಾಳೆ ಎನಿಸಿರಬೇಕು.

"ಅಯ್ಯೋ, ಇಷ್ಟು ದಿನ ಲೋಕಾನೆಲ್ಲ ಚಹಾದಲ್ಲಿ ಅದ್ದಿ ನೋಡ್ತಿದ್ದೆ ಕಣೇ!"

ಬೇಲಿಯ ಮೇಲೆ ಶಂಖಪುಷ್ಪದ ಬಳ್ಳಿ ಹಬ್ಬಿತ್ತು. ಆ ನೀಲಿಯ ಮುಂದೆ ಅವಳು ನಿಂತೇ ನಿಂತಳು. ನೀಲಿ ಅಂದರೆ ಹೀಗಿರುತ್ತದೆ ಎಂಬುದೇ ಮರೆತುಹೋಗಿತ್ತು. ಕೋಟು ನೆನಪಾಯಿತು. ಇದರ ಪಕ್ಕದಲ್ಲಿ ಕಂದು ದಾರ! ನಾಚಿಕೆಯಾಗುವ ಬದಲು ನಗು ಉಕ್ಕಿ ಬಂತು. "ಆ ಮೇಡಂ ಎಂಥ ತಾಳ್ಮೆಯ ಹೆಂಗಸೇ! ನಾನಾಗಿದ್ರೆ ಅಂಗಡಿ ಮುಂದೆ ರಂಪ ಮಾಡ್ತಿದ್ದೆ. ಸೂಜಿ ಹಿಡಿದ ದಿನವೇ ಆ ಕೋಟು ತರಿಸಿ ಬಿಚ್ಚಿ ಹೊಲಿಯೋದು."

ಕಾಗದದ ಹೂವಿನ ಪೊದೆಯ ಹತ್ತಿರ ಅವಳಿಗೆ ಇನ್ನೊಂದು ಸೋಜಿಗ ಕಾದಿತ್ತು. ಗುಲಾಬಿ ಬಣ್ಣದ್ದೆಲ್ಲ ಹೂವೇ ಅಲ್ಲ, ಬಣ್ಣ ಕಟ್ಟಿದ ಎಲೆ. ಮೂರು ಎಲೆಯ ನಡುವೆ, ಅಂಗಿಯ ಗುಂಡಿಗಿಂತ ಚಿಕ್ಕದಾಗಿ ಬೆಳ್ಳಗೆ ಅರಳಿದ್ದೇ ನಿಜವಾದ ಹೂವು. ಬೋರ್ಡಿನಲ್ಲೂ ಹಾಗೆಂದೇ ಬರೆದಿತ್ತು. ಅವಳು ಅದನ್ನು ಬೆರಳ ತುದಿಯಿಂದ ಮುಟ್ಟದೆ ಮುಟ್ಟಿದಳು.

ಕೊಳದ ಬಳಿ ರೇಡಿಯೋ ಘೋಷಿಸಿದಳು: "ಕಮಲ!"

ಟೈಲರಮ್ಮ ಬಗ್ಗದೆ ನೋಡಿದಳು. ಬಗ್ಗಬಾರದೆಂದು ಡಾಕ್ಟರ ಅಪ್ಪಣೆಯಿತ್ತು. ನೀರಿಗೆ ಅಂಟಿ ತೇಲುತ್ತಿದ್ದ ದುಂಡನೆ ಎಲೆಗಳಲ್ಲಿ, ಅಂಗಿಯ ಕುತ್ತಿಗೆಗೆ ಕತ್ತರಿ ಹಾಕಿದಂತೆ ಒಂದೊಂದು ಸೀಳು. "ನೈದಿಲೆ ಅಂತ ಬರೆದಿದೆ ಕಣೇ. ಕಮಲದ ಎಲೆಗೆ ಈ ಸೀಳು ಇರಲ್ಲವಂತೆ."

"ಬೋರ್ಡು ತಪ್ಪು."

ಮುಂದಿನ ಮಡಿಯಲ್ಲಿ ಕೆಂಪು ಡೇಲಿಯಾ. ದಪ್ಪ ಅಕ್ಷರದಲ್ಲಿ ಹೆಸರು ರೇಡಿಯೋಳ ಮೂಗಿನೆದುರಿಗೇ ಇತ್ತು. "ಸೇವಂತಿಗೆ" ಎಂದಳು ಅವಳು, ಕೊರಳನ್ನು ಒಂದು ಪಕ್ಕಕ್ಕೆ ವಾಲಿಸಿ, ಕೈಚಾಚಿ ಹೂವನ್ನು ತಡವುತ್ತಾ.

ಟೈಲರಮ್ಮ ಹೂವು ಬಿಟ್ಟು ನಾದಿನಿಯ ಮುಖ ನೋಡಿದಳು. ಎಷ್ಟೋ ದಿನಗಳ ನಂತರ ಆ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಕರಿಗುಡ್ಡೆಯ ಮೇಲೆ ಮಜ್ಜಿಗೆ ತೆಳುವಾಗಿ ಬಳಿದಂಥ ಬಿಳುಪು.

"ಆ ಬೋರ್ಡು ಓದು."

"ಓದಿದೆ."

"ನನಗೆ ಕೇಳೋ ಹಾಗೆ ಓದು."

ರೇಡಿಯೋ ಬಂದ್ ಆಯಿತು. ಆಮೇಲೆ ಸಣ್ಣ ದನಿ ಬಂತು: "ನಿನ್ನ ಕಣ್ಣು ಹೋದ್ರೆ ಅಂಗಡಿ ಮುಚ್ಚುತ್ತೆ ಅತ್ತಿಗೆ. ಇಸ್ತ್ರಿಗೆ ಕಣ್ಣೇನು ಬೇಕು, ಕೈಗೆ ಬಟ್ಟೆ ಗೊತ್ತಾಗುತ್ತೆ. ಅಲ್ಲದೆ... ಕಣ್ಣಿಗೆ ಕತ್ತಿ ಹಾಕ್ತಾರೆ ಅಂದ್ರೆ ನನಗೆ ಜೀವ ಹೋಗುತ್ತೆ."

"ಬೆಂಚಿನ ಮೇಲೆ ಕೂತು ಊರಿಗೆಲ್ಲ ಧೈರ್ಯ ಹಂಚಿದೆಯಲ್ಲೇ!"

"ಹಂಚಿ ಖಾಲಿಯಾಯ್ತು. ನನಗೆ ಉಳೀಲಿಲ್ಲ."

ಟೈಲರಮ್ಮನಿಗೆ ಕೋಪವೂ ಬಂತು, ನಗುವೂ ಬಂತು. ಒಂದೇ ಮನೆಯಲ್ಲಿ ಇಬ್ಬರು, ಒಬ್ಬರ ಮಂಜು ಒಬ್ಬರಿಗೆ ಕಾಣದೆ ಓಡಾಡಿಕೊಂಡಿದ್ದೆವಲ್ಲ! ನಾದಿನಿಯ ತೋಳು ಹಿಡಿದಳು. "ಕತ್ತಿ ಇಲ್ಲ, ಗಿತ್ತಿ ಇಲ್ಲ. ಗುಂಡಿಗೆ ಕಾಜಾ ಮಾಡೋಕೆ ಬೇಕಾಗುವಷ್ಟೂ ಕತ್ತರಿಸಲ್ಲ. ನಾನು ಹೋಗಿ ಬಂದಿಲ್ವಾ? ಡಾಕ್ಟರು ಇನ್ನೂ ಇರ್ತಾರೆ, ನಡಿ."

ಅವರು ಇನ್ನೂ ಇದ್ದರು. ಪರೀಕ್ಷೆ ಮಾಡಿ, ಟೈಲರಮ್ಮನ ಎಡಗಣ್ಣು, ರೇಡಿಯೋಳ ಬಲಗಣ್ಣು ಎರಡನ್ನೂ ಒಂದೇ ದಿನಕ್ಕೆ ಗೊತ್ತು ಮಾಡಿದರು. ಆ ದಿನ ವಾರ್ಡಿನಲ್ಲಿ ಅಕ್ಕಪಕ್ಕದ ಮಂಚ. ಕರೆ ಬರುವವರೆಗೆ ರೇಡಿಯೋ ಅತ್ತಿಗೆಯ ಬೆರಳು ಬಿಡಲಿಲ್ಲ. ಹೊರಬಂದ ಮೇಲೆ ಅವಳ ಮೊದಲ ಮಾತು, "ಇಷ್ಟಕ್ಕೇನಾ? ಇದಕ್ಕಾ ನೀನು ಅಷ್ಟು ಹೆದರಿದ್ದೆ ಅತ್ತಿಗೆ?"

ಅಂಗಡಿ ಮತ್ತೆ ತೆರೆಯಿತು. ಕೋಟು ಬಂತು, ಕಂದು ದಾರ ಬಿಚ್ಚಿಕೊಂಡಿತು, ಮೇಡಂ ಹೊಸ ಬಟ್ಟೆಯನ್ನೂ ಹೊಲಿಯಲು ಕೊಟ್ಟರು. ವಾರಕ್ಕೊಮ್ಮೆ ಅಂಗಡಿಗೆ ರಜೆ. ಆ ಮಧ್ಯಾಹ್ನ ಇಬ್ಬರೂ ಸಸ್ಯೋದ್ಯಾನದಲ್ಲಿ.

ಮೊನ್ನೆ ಒಂದು ಹೊಸ ಬಳ್ಳಿ ಕಂಡಿತು. ಘಂಟೆಯಾಕಾರದ ತಿಳಿನೇರಳೆ ಹೂವು, ಒಳಗೆ ಹಳದಿ ಗೆರೆ. ಬೋರ್ಡಿರಲಿಲ್ಲ. ನೀರು ಹಾಯಿಸುತ್ತಿದ್ದ ಮಾಲಿಯನ್ನು ಕೇಳಿದರೆ, "ಹೊಸದಾಗಿ ಬಂದಿರೋದಮ್ಮ, ನನಗೂ ಗೊತ್ತಿಲ್ಲ" ಎಂದ.

"ನನಗೆ ಗೊತ್ತು" ಎಂದಳು ರೇಡಿಯೋ. ಆಮೇಲೆ ಹತ್ತಿರ ಹೋಗಿ, ಆಪರೇಷನ್ ಆದ ಕಣ್ಣನ್ನು ಅರಳಿಸಿ, ಒಳಗಿನ ಗೆರೆಗಳನ್ನೆಲ್ಲ ನಿಧಾನವಾಗಿ ನೋಡಿದಳು. "ಇಲ್ಲ ಅತ್ತಿಗೆ, ನನಗೂ ಗೊತ್ತಿಲ್ಲ. ಆದ್ರೆ ಎಷ್ಟು ಚೆನ್ನಾಗಿದೆ, ಅಲ್ವಾ?"